ಹರಿಯಬೇಕಾದ ಹೊಲಿಗೆ

ಕವಾನಾ ಕಾರಿನ ಹೊಸ ಮಾದರಿ ಬರುತ್ತದೆಂದು ಕಂಪನಿಯವರು ಬಾಯಿಬಿಡುವುದಕ್ಕೂ ಮುಂಚೆ ಕುಂಬಾರಕೊಪ್ಪಲಿನ ಬೀರಯ್ಯನಿಗೆ ಗೊತ್ತಾಗಿತ್ತು. ರಿಂಗ್ ರಸ್ತೆಯ ಟೀ ಅಂಗಡಿಯ ಮುಂದೆ ಒಂದು ಬೆಳಿಗ್ಗೆ, ಹೊಸ ಆಕಾರ ಯಾರಿಗೂ ತಿಳಿಯದಿರಲೆಂದು ಮೈತುಂಬ ಕಪ್ಪು ಬಿಳಿ ಸೊಟ್ಟಗೆರೆಗಳ ಸ್ಟಿಕ್ಕರ್ ಅಂಟಿಸಿಕೊಂಡ ಗಾಡಿಯೊಂದು ನಿಂತಿತ್ತು. ನೆರೆದವರೆಲ್ಲ ಅದರ ದೀಪ ಎಂಥದ್ದು, ಚಕ್ರ ಎಷ್ಟು ದೊಡ್ಡದು ಎಂದು ಚರ್ಚೆ ಮಾಡುತ್ತಿದ್ದರೆ ಬೀರಯ್ಯ ಮಾತ್ರ ಕಿಟಕಿಯ ಗಾಜಿಗೆ ಮೂಗು ಒತ್ತಿ ಒಳಗಿನ ಸೀಟು ನೋಡಲು ಹೆಣಗಾಡಿದ. ಕಂಪನಿಯ ಮಹಾನುಭಾವರು ಸೀಟಿಗೂ ಬೆಡ್‌ಶೀಟ್ ಹೊದಿಸಿದ್ದರು. ಹೊಸ ಮದುವಣಗಿತ್ತಿಗೂ ಇಷ್ಟು ಮುಸುಕು ಹಾಕುವುದಿಲ್ಲ ಎಂದು ಗೊಣಗಿಕೊಂಡು ಅವನು ಸ್ಕೂಟರ್ ಹತ್ತಿದ್ದ.

ಅವನದು ಕಾರಿನ ಸೀಟಿಗೆ ಕವರ್ ಹೊಲಿಯುವ ಕಸುಬು. ಇಪ್ಪತ್ತಾರು ವರ್ಷದಿಂದ ಮನೆಗೆ ಅಂಟಿಕೊಂಡ ಅದೇ ಮಳಿಗೆ, ಅದೇ ಮಿಷನ್ನು. ಬೋರ್ಡಿನಲ್ಲಿ ‘ಬೀರಯ್ಯ ಕುಷನ್ ವರ್ಕ್ಸ್’ ಎಂಬ ಹೆಸರಿನ ಕೆಳಗೆ ಕೆಂಪು ಬಣ್ಣದಲ್ಲಿ ‘ಹರಿಯುವ ಮಾತೇ ಇಲ್ಲ’ ಎಂದು ಬರೆಸಿದ್ದ. ಅದು ಬರೀ ಜಂಬವೂ ಆಗಿರಲಿಲ್ಲ. ಅವನು ಹೊಲಿದ ರೆಕ್ಸಿನ್ ಬಣ್ಣಗೆಟ್ಟು ಬಿರುಕು ಬಿಟ್ಟರೂ ಹೊಲಿಗೆ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಮಗಳು ಮಂಜುಶ್ರೀಯ ಓದು, ಮನೆಯ ಮೇಲಿನ ತಾರಸಿ, ಹೆಂಡತಿ ಸುಂದರಮ್ಮನ ಕಿವಿಯೋಲೆ ಎಲ್ಲವೂ ಆ ಮೂರು ಪದದ ಮಾತಿನಿಂದ ಬಂದವು.

ಎದುರು ಸಾಲಿನಲ್ಲಿ ಲಿಂಗಯ್ಯನ ಅಂಗಡಿ. ಇಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಸೂಜಿ ಹಿಡಿಯಲು ಕಲಿತವರು. ಆರು ವರ್ಷದ ಹಿಂದೆ ಕವಾನಾದ ಹಳೇ ಶೇಪ್ ಮೊದಲ ಸಲ ಊರಿಗೆ ಬಂದಾಗ ಲಿಂಗಯ್ಯ ಹೇಗೋ ಮೊದಲೇ ಅಳತೆ ಗಿಟ್ಟಿಸಿಕೊಂಡ. ಮೈಸೂರಿನ ಸಂಸಾರವಂದಿಗರೆಲ್ಲ ಆ ಗಾಡಿಯನ್ನು ‘ಕವನ’ ಎಂದು ಕನ್ನಡ ಮಾಡಿಕೊಂಡು ಕೊಂಡದ್ದೇ ಕೊಂಡದ್ದು, ಅಷ್ಟೂ ಗಾಡಿಗಳು ಲಿಂಗಯ್ಯನ ಬಾಗಿಲಲ್ಲಿ ಸಾಲುಗಟ್ಟಿದವು. ಬೀರಯ್ಯ ಎದುರು ಕೂತು ಆಟೋ ಸೀಟು ಹೊಲಿದ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ನ್ಯೂ ಶೇಪ್ ಬಂದಾಗ ಮೊದಲ ಅಳತೆ ತನ್ನದೇ ಆಗಬೇಕು ಎಂದು ಬೀರಯ್ಯ ಹಟ ತೊಟ್ಟಿದ್ದು ಹಾಗೆ.

ನ್ಯೂ ಶೇಪಿಗಾಗಿ ಅವನಷ್ಟೇ ಚಡಪಡಿಸುತ್ತಿದ್ದ ಇನ್ನೊಬ್ಬನೆಂದರೆ ಸರಸ್ವತಿಪುರಂನ ಅಭಿರಾಮ. ಕಾಲೇಜಿನಲ್ಲಿ ಗಣಿತ ಹೇಳುವ ಮೇಷ್ಟ್ರು, ಬೀರಯ್ಯನ ಹಳೇ ಗಿರಾಕಿ. ಎರಡು ವರ್ಷದಿಂದ ಈಗ ಬರುತ್ತೆ, ಆಗ ಬರುತ್ತೆ ಎಂದು ಅವನು ಕಾರು ಕೊಳ್ಳುವುದನ್ನು ಮುಂದೂಡುತ್ತಲೇ ಬಂದಿದ್ದ. ಅದು ಶೋಕಿಯ ಕಾಯುವಿಕೆ ಅಲ್ಲ ಎಂಬುದು ಬೀರಯ್ಯನಿಗೂ ತಿಳಿದಿತ್ತು. ಅಭಿರಾಮನ ಹೆಂಡತಿ ವಿಭಾಳ ಅಣ್ಣ ಮೂರು ವರ್ಷದ ಹಿಂದೆ ಒಂದು ಸರ್ಕಲಿನಲ್ಲಿ ಕಾರಿಗೆ ಲಾರಿ ಪಕ್ಕದಿಂದ ಗುದ್ದಿ ತೀರಿಹೋದ. ಮುಂದಿನ ಏರ್‌ಬ್ಯಾಗುಗಳು ಬಿಚ್ಚಿಕೊಂಡಿದ್ದವು, ಪಕ್ಕದಿಂದ ಬಂದ ಏಟಿಗೆ ಅವು ಏನೂ ಮಾಡಲಾಗಲಿಲ್ಲ. ಅಂದಿನಿಂದ ವಿಭಾಳ ತಾಯಿ ಪ್ರೇಮಲೀಲಾ ಕಾರಿನೊಳಗೆ ಕಾಲಿಟ್ಟಿಲ್ಲ. ಕವಾನಾದ ಹೊಸ ಮಾದರಿಗೆ ಆರು ಏರ್‌ಬ್ಯಾಗ್ ಬರುತ್ತವೆ, ಪಕ್ಕದ ಏಟಿಗೂ ರಕ್ಷಣೆ ಇರುತ್ತದೆ ಎಂಬ ಸುದ್ದಿ ಕೇಳಿದ ಮೇಲೆಯೇ ಆಕೆ, ಅದು ಬರಲಿ ನೋಡೋಣ ಎಂದಿದ್ದರು.

ಈ ‘ಆರು ಬಲೂನು’ ವಿಷಯವನ್ನು ಅಭಿರಾಮ ಅಂಗಡಿಗೆ ಬಂದಾಗಲೆಲ್ಲ ಹೇಳುತ್ತಿದ್ದ. ಬೀರಯ್ಯ ಬಾಯಲ್ಲಿ ದಾರ ಕಚ್ಚಿಕೊಂಡು ಹೂಂಗುಟ್ಟುತ್ತಿದ್ದ. ಹಳೇ ಗಾಡಿಗಳಲ್ಲಿ ಬಲೂನು ಇರುತ್ತಿದ್ದುದು ಎರಡೇ, ಒಂದು ಸ್ಟೀರಿಂಗಿನಲ್ಲಿ, ಒಂದು ಅದರ ಪಕ್ಕದ ಡ್ಯಾಶ್‌ಬೋರ್ಡಿನಲ್ಲಿ. ಅದೆಲ್ಲ ಮೆಕ್ಯಾನಿಕ್ ಕಡೆಯ ವಿಷಯ, ಸೂಜಿ ದಾರದವನಿಗೆ ಯಾಕೆ ಎಂಬುದು ಅವನ ಲೆಕ್ಕ. ಮಿಕ್ಕ ನಾಲ್ಕು ಎಲ್ಲಿ ಕೂರುತ್ತವೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ಆಷಾಢದಲ್ಲಿ ಶೋರೂಮಿಗೆ ಮೊದಲ ಗಾಡಿ ಬಂತು. ಅಭಿರಾಮ ಬೀರಯ್ಯನನ್ನು ‘ನಮ್ಮ ಕಡೆಯವರು’ ಎಂದು ಹೇಳಿ ಜೊತೆಗೆ ಕರೆದುಕೊಂಡು ಹೋದ. ಟೇಪು ತೆಗೆದರೆ ಓಡಿಸುತ್ತಾರೆಂದು ಬೀರಯ್ಯ ಸೀಟಿನ ಮೇಲೆ ಆರಾಮವಾಗಿ ಕೂತಂತೆ ನಟಿಸುತ್ತ, ಬೆನ್ನ ಹಿಂದೆ ಗೇಣು ಹಾಕಿ, ಪಕ್ಕದಲ್ಲಿ ಬೆರಳು ಎಣಿಸಿ, ಇಡೀ ಸೀಟನ್ನು ತಲೆಯೊಳಗೆ ಬರೆದುಕೊಂಡು ಬಂದ. ಸೀಟಿಗೆ ಇನ್ನೂ ದಪ್ಪ ಪ್ಲಾಸ್ಟಿಕ್ ಹೊದಿಕೆ ಇತ್ತು. ಬಾಗಿಲ ಕಡೆಯ ಪಕ್ಕೆಯಲ್ಲಿ ಏನೋ ಒಂದಿಷ್ಟು ಗಟ್ಟಿಯಾದದ್ದು ಕೈಗೆ ತಗುಲಿತು. ಒಳ್ಳೇ ಫೋಮು ಹಾಕಿದ್ದಾರೆ ಎಂದುಕೊಂಡ.

ಮನೆಗೆ ಬಂದವನೇ ರಟ್ಟು ಕತ್ತರಿಸಿ ಅಳತೆ ಮಾಡಿಟ್ಟುಕೊಂಡು, ಇಡೀ ಆಷಾಢ ಕೂತು ಇಪ್ಪತ್ತಮೂರು ಜೊತೆ ಕವರ್ ಹೊಲಿದ. ಊರಿನಲ್ಲಿ ಇನ್ನೂ ಒಂದು ಗಾಡಿ ರಸ್ತೆಗಿಳಿದಿಲ್ಲ, ಆಷಾಢದಲ್ಲಿ ಯಾರು ತಾನೇ ಗಾಡಿ ಮನೆಗೆ ತರುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ಎಂದು ಸುಂದರಮ್ಮ ಆಡಿಕೊಂಡಳು. ಕುಲಾವಿ ಮಾರುವವನು ಮುಂಚೆಯೇ ಹೊಲಿದಿಟ್ಟಿರಬೇಕು ಕಣೇ ಎಂದು ಬೀರಯ್ಯ ಅವಳ ಬಾಯಿ ಮುಚ್ಚಿಸಿದ.

ಶ್ರಾವಣದ ಮೊದಲ ಶುಕ್ರವಾರ ಅಭಿರಾಮ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಪೂಜೆ ಮುಗಿಸಿ, ಚೆಂಡು ಹೂವಿನ ಹಾರದ ಸಮೇತ ಗಾಡಿಯನ್ನು ನೇರ ಕುಂಬಾರಕೊಪ್ಪಲಿಗೆ ತಂದ. ಎದುರು ಅಂಗಡಿಯ ಲಿಂಗಯ್ಯ ಕತ್ತರಿ ಹಿಡಿದ ಕೈ ನಿಲ್ಲಿಸಿ ನೋಡಿದ. ಬೀರಯ್ಯ ಅದನ್ನು ನೋಡಿ ಸಂತೋಷಪಟ್ಟ, ಸುಳ್ಳೇಕೆ ಹೇಳಬೇಕು. ಕವರ್ ಚರ್ಮದ ಹಾಗೆ ಕೂತಿತು. ಒಂದೇ ಒಂದು ತೊಡಕೆಂದರೆ ಎರಡೂ ಮುಂದಿನ ಸೀಟುಗಳ ಪಕ್ಕೆಯಲ್ಲಿ ಹೊಲಿಗೆಯಿಂದ ಹೊರಗೆ ಇಣುಕುತ್ತಿದ್ದ ಹೆಬ್ಬೆರಳಗಲದ ಬಟ್ಟೆಚೀಟಿ. ಕವರಿನ ಕೆಳಗೆ ಅದು ಗಂಟಾಗಿ ಕಾಣುತ್ತಿತ್ತು. ನೇತಾಡುವ ದಾರ, ಚೀಟಿ ಏನಿದ್ದರೂ ಬೀರಯ್ಯನ ಕಣ್ಣಿಗೆ ಕಸ. ಎರಡನ್ನೂ ಕಚಕ್ಕೆಂದು ಕತ್ತರಿಸಿ, ಅದರ ಮೇಲೆ ಕವರಿನ ಪಕ್ಕೆಯನ್ನು ಎಳೆದು ನೈಲಾನ್ ದಾರದ ಜೋಡಿ ಹೊಲಿಗೆ ಹಾಕಿ ಬಿಗಿದ.

ಶನಿವಾರ ಬೆಳಿಗ್ಗೆ ಸುಂದರಮ್ಮ ಅಂಗಡಿಯ ಚಿಂದಿಗಳನ್ನೆಲ್ಲ ಬಾಚಿ ದಿಂಬಿಗೆ ತುಂಬುತ್ತಿದ್ದಳು. ಅದು ಅವಳ ವಾರದ ಕೆಲಸ. ಕೈಗೆ ಸಿಕ್ಕ ಒಂದು ಚೀಟಿಯ ಮೇಲೆ ಕೂತ ಮನುಷ್ಯನ ಚಿತ್ರ, ಅವನ ಮಗ್ಗುಲಿಗೆ ಚೆಂಡಿನಂಥ ಒಂದು ಗುಂಡು. ಇದೇನು ನೋಡೇ ಎಂದು ಮಂಜುಶ್ರೀಗೆ ಕೊಟ್ಟಳು. ಮಂಜುಶ್ರೀ ಕಾಲೇಜಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದವಳು ಅದರ ಮೇಲಿನ ಇಂಗ್ಲಿಷ್ ಓದಿದಳು, ಫೋನು ತೆಗೆದು ಏನೋ ಹುಡುಕಿದಳು, ಆಮೇಲೆ ಅರ್ಧ ಜಡೆಯಲ್ಲೇ ಅಪ್ಪನ ಹತ್ತಿರ ಬಂದಳು.

"ಅಪ್ಪ, ಇದು ಏರ್‌ಬ್ಯಾಗ್ ಚೀಟಿ. ಇದು ಸೀಟೊಳಗೇ ಇರುತ್ತಂತೆ. ಪಕ್ಕದಿಂದ ಏನಾದ್ರೂ ಗುದ್ದಿದ್ರೆ ಸೀಟಿನ ಹೊಲಿಗೆ ಹರ್ಕೊಂಡು ಈಚೆ ಬರಬೇಕಂತೆ."

"ಕಂಪನಿಯೋರ ಹೊಲಿಗೆ ಹರಿಯುತ್ತಾ?"

"ಹರೀಲಿ ಅಂತ್ಲೇ ಹಂಗೆ ಹೊಲ್ದಿರ್ತಾರಂತಪ್ಪ. ಅದ್ರ ಮೇಲೆ ಗಟ್ಟಿ ಕವರ್ ಹಾಕಿದ್ರೆ ಬಲೂನು ಈಚೆಗೇ ಬರಲ್ಲವಂತೆ."

ಬೀರಯ್ಯ ಮಿಷನ್ನಿನ ಮುಂದೆ ಕೂತಲ್ಲೇ ಕೂತ. ಗೋಡೆಗೆ ಆನಿಸಿದ್ದ ಇಪ್ಪತ್ತೆರಡು ಜೊತೆ ಕವರ್ ಕಡೆ ಒಮ್ಮೆ ನೋಡಿದ. ಮೊದಲು ಬಂದ ಯೋಚನೆ ಒಳ್ಳೆಯದೇನಲ್ಲ, ಅದನ್ನೂ ಹೇಳಿಬಿಡಬೇಕು. ಗುದ್ದಿದರೆ ತಾನೇ ಬಲೂನು, ದಿನಾ ಊರಲ್ಲಿ ಓಡಾಡುವ ಸಾವಿರ ಗಾಡಿಯಲ್ಲಿ ಎಷ್ಟು ಗುದ್ದುತ್ತವೆ, ಚೀಟಿ ಒಲೆಗೆ ಹಾಕಿದರೆ ಯಾರಿಗೆ ತಿಳಿಯುತ್ತದೆ ಎಂದು ಮನಸ್ಸು ಹೇಳಿತು. ಮರುಗಳಿಗೆಯೇ ನೆನಪಾಯಿತು. ಇವತ್ತು ಅಭಿರಾಮನ ಮನೆಯವರು ಊಟಿಗೆ ಹೊರಡುತ್ತಾರೆ. ದಟ್ಟಗಳ್ಳಿಯಿಂದ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇವೆ, ಮೂರು ವರ್ಷದ ಮೇಲೆ ಆಕೆ ಕಾರಿನಲ್ಲಿ ಕೂರುತ್ತಾರೆ, ಮುಂದಿನ ಸೀಟಿನಲ್ಲೇ ಕೂರಿಸುತ್ತೇವೆ ಎಂದು ನಿನ್ನೆ ಮೇಷ್ಟ್ರು ಹಿಗ್ಗಿ ಹೇಳಿದ್ದ.

ಬೀರಯ್ಯ ಎದ್ದು ನಿಂತ. ಅಭಿರಾಮನಿಗೆ ಫೋನು ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಗಾಡಿ ಓಡಿಸುವಾಗ ಮೇಷ್ಟ್ರು ಫೋನು ಮುಟ್ಟುವುದಿಲ್ಲ, ಅದು ಹೆಂಡತಿಗೆ ಕೊಟ್ಟ ಮಾತು. ಬೀರಯ್ಯ ಚೀಟಿಯನ್ನು ಅಂಗಿ ಜೇಬಿಗೆ ಹಾಕಿಕೊಂಡು, ಕಟಿಂಗ್ ಬ್ಲೇಡನ್ನು ಪೇಪರಿನಲ್ಲಿ ಸುತ್ತಿಕೊಂಡು ಸ್ಕೂಟರ್ ಒದ್ದ.

ಸರಸ್ವತಿಪುರಂನ ಮನೆಯಲ್ಲಿ ಅಭಿರಾಮನ ತಂದೆ ದೊರೆಸ್ವಾಮಿ ಒಬ್ಬರೇ ಪೇಪರ್ ಓದುತ್ತ ಕೂತಿದ್ದರು. ಅರಮನೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಶಲ್ಯ ಹೊದೆಯದೆ ಮೆಟ್ಟಿಲೂ ಇಳಿಯದವರು. ಅವರೆಲ್ಲ ಹೊರಟು ಇಪ್ಪತ್ತು ನಿಮಿಷವಾಯಿತಲ್ಲ, ಏನು ವಿಷಯ ಎಂದು ಕೇಳಿದರು. ಬೀರಯ್ಯ ಬಾಯಿ ತೆರೆದ. ಅಷ್ಟರಲ್ಲಿ ಅವರೇ, ಕವರ್ ಬಹಳ ಚೆನ್ನಾಗಿ ಕೂತಿದೆಯಪ್ಪ, ರಾತ್ರಿ ನಾನೂ ಕೂತು ನೋಡಿದೆ, ಹರಿಯುವ ಮಾತೇ ಇಲ್ಲ ಅಲ್ಲವೇ ಎಂದು ನಕ್ಕರು.

"ಒಂದು ಸಣ್ಣ ಕೆಲ್ಸ ಬಾಕಿ ಆಗ್ಬುಟ್ಟಿದೆ ಸ್ವಾಮಿ" ಎಂದ ಬೀರಯ್ಯ.

ಈ ಒಂದು ಮಾತನ್ನು ಅವನು ಆಮೇಲೆ ಎಷ್ಟು ಸಲ ಶಪಿಸಿಕೊಂಡನೋ. ದೊರೆಸ್ವಾಮಿಯವರು ಸೊಸೆಗೆ ಫೋನು ಹಚ್ಚಿದರು. ಬೀರಯ್ಯ ಬಂದಿದ್ದಾನಮ್ಮ, ಏನೋ ಸಣ್ಣ ಕೆಲಸ ಉಳಿದಿದೆಯಂತೆ ಎಂದರು. ಪೆಟ್ರೋಲ್ ಬಂಕಿನಲ್ಲಿದ್ದೇವೆ, ಈಗ ಅಮ್ಮನ ಮನೆಗೆ ಹೋಗಿ ಹಾಗೇ ಹೊರಡುತ್ತೇವೆ, ಸೋಮವಾರ ಬರುತ್ತೇವೆಂದು ಹೇಳಿ ಎಂದು ಆ ಕಡೆಯಿಂದ ವಿಭಾ ಹೇಳಿದ್ದು ಬೀರಯ್ಯನಿಗೂ ಕೇಳಿಸಿತು. ಫೋನು ಕಟ್ಟಾಯಿತು. ಸೋಮವಾರವಂತೆ, ಸಣ್ಣದು ತಾನೇ ಎಂದು ದೊರೆಸ್ವಾಮಿಯವರು ಮತ್ತೆ ಪೇಪರ್ ಬಿಡಿಸಿದರು. ಇನ್ನೊಂದು ಸಲ ಮಾಡಿ ಸ್ವಾಮಿ, ನಾನೇ ಮಾತಾಡುತ್ತೇನೆ ಎನ್ನಬಹುದಿತ್ತು. ಒಂದು ನಿಮಿಷದ ಕೆಲಸ. ಆದರೆ ಆ ನಗುಮುಖದ ಮುಂದೆ ನಿಂತು ನನ್ನ ಹೊಲಿಗೆಯೇ ತಪ್ಪು ಎನ್ನಲು ಇಪ್ಪತ್ತಾರು ವರ್ಷದ ನಾಲಿಗೆ ತಿರುಗಲಿಲ್ಲ. ದಟ್ಟಗಳ್ಳಿಯಲ್ಲಿ ಯಾವ ಕಡೆ ಮನೆ ಎಂದಷ್ಟೇ ಕೇಳಿದ. ನೀರಿನ ಟ್ಯಾಂಕಿನ ಹಿಂದಿನ ರಸ್ತೆ ಎಂದರು.

ಸ್ಕೂಟರಿನ ಕಿವಿ ಹಿಂಡಿದಷ್ಟೂ ಅದು ಕೆಮ್ಮಿತೇ ಹೊರತು ಓಡಲಿಲ್ಲ. ಸಿಗ್ನಲ್ಲಿನಲ್ಲಿ ಕೆಂಪು ದೀಪದ ಅಂಕಿ ಎಪ್ಪತ್ತರಿಂದ ಇಳಿಯುವುದನ್ನು ನೋಡುತ್ತ ನಿಂತಾಗ, ಅವರು ಬಂಕಿನಿಂದ ಹೊರಟಿರುತ್ತಾರೆ, ಈಗ ಮನೆ ಮುಟ್ಟಿರುತ್ತಾರೆ, ಈಗ ಆಕೆ ಚಪ್ಪಲಿ ಮೆಟ್ಟುತ್ತಿರುತ್ತಾರೆ ಎಂದು ಅವನ ತಲೆ ಒಂದೊಂದೇ ಲೆಕ್ಕ ಹಾಕಿತು. ಅಲ್ಲಿಂದ ಹೊರಟರೆ ರಿಂಗ್ ರಸ್ತೆ, ಆಮೇಲೆ ನಂಜನಗೂಡಿನ ಹೆದ್ದಾರಿ, ಅದರ ತುಂಬ ಲಾರಿ. ಪಕ್ಕದಲ್ಲಿ ಒಂದು ಟಿಪ್ಪರ್ ಬಂದು ನಿಂತು ಉಸ್ಸೆಂದಿತು. ಬೀರಯ್ಯ ಅದರ ಚಕ್ರದ ಎತ್ತರವನ್ನು ನೋಡಿದ. ಕಾರಿನ ಸೀಟಿಗೂ ಆ ಚಕ್ರಕ್ಕೂ ಸರಿಸಮ ಇತ್ತು. ದೀಪ ಹಸಿರಾಗಲು ಇನ್ನೂ ಹನ್ನೆರಡು ಸೆಕೆಂಡು ಇರುವಾಗಲೇ ಅವನು ನುಗ್ಗಿದ. ಜನ್ಮದಲ್ಲಿ ಸಿಗ್ನಲ್ ಮುರಿದವನಲ್ಲ.

ಟ್ಯಾಂಕಿನ ಹಿಂದೆ ಮೂರು ರಸ್ತೆಗಳಿದ್ದವು. ಮೊದಲನೆಯದರಲ್ಲಿ ಯಾವ ಕಾರೂ ಇರಲಿಲ್ಲ. ಎರಡನೆಯದರಲ್ಲಿ ಹಾರ ಹಾಕಿದ ಬಿಳಿ ಗಾಡಿ ಕಾಣಿಸಿತು, ಹಿಂದಿನ ಡಿಕ್ಕಿ ಮುಚ್ಚಿತ್ತು, ಇಂಜಿನ್ ಚಾಲೂ ಆಗಿತ್ತು. ಪ್ರೇಮಲೀಲಾ ಮುಂದಿನ ಬಾಗಿಲು ಹಿಡಿದು ಒಂದು ಕಾಲು ಒಳಗಿಟ್ಟಿದ್ದರು. ವಿಭಾ ತಾಯಿಯ ಬೆನ್ನಿಗೆ ಕೈಕೊಟ್ಟು ನಿಂತು ಮಗುವನ್ನು ರಮಿಸುವ ಹಾಗೆ ಏನೋ ಹೇಳುತ್ತಿದ್ದಳು. ಬೀರಯ್ಯ ಸ್ಕೂಟರನ್ನು ಸ್ಟ್ಯಾಂಡ್ ಕೂಡ ಹಾಕದೆ ಕಾಂಪೌಂಡಿಗೆ ಒರಗಿಸಿ ಓಡಿದ.

"ಅಮ್ಮಾ, ಕೂತ್ಕೋಬೇಡಿ. ಕಾಲು ಈಚೆಗೆ ತೆಗೀರಿ."

ಸೋಮವಾರ ಎಂದಿದ್ದೆನಲ್ಲ ಎಂದು ವಿಭಾ ಬೇಸರದಿಂದ ತಿರುಗಿದಳು. ಅಭಿರಾಮ ಇಂಜಿನ್ ನಿಲ್ಲಿಸಿ ಇಳಿದ. ಹಿಂದಿನ ಸೀಟಿನಲ್ಲಿದ್ದ ಮಗಳು ಅನನ್ಯ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು. ಬೀರಯ್ಯ ಜೇಬಿನಿಂದ ಚೀಟಿ ತೆಗೆದು ಅಂಗೈಯಲ್ಲಿ ಹಿಡಿದ.

"ಸಣ್ಣ ಕೆಲ್ಸ ಅಂದಿದ್ದು ಸುಳ್ಳು ಸಾರ್. ನೀವು ಹೇಳ್ತಿದ್ರಲ್ಲ ಬಲೂನು, ಅದು ಈ ಸೀಟಿನ ಮಗ್ಗುಲಲ್ಲೇ ಇರೋದಂತೆ. ಕಂಪನಿಯೋರು ಹರೀಲಿ ಅಂತ ಬಿಟ್ಟಿದ್ರು. ಅದ್ರ ಬಾಯಿಗೆ ನಾನು ಹೊಲಿಗೆ ಹಾಕ್‌ಬುಟ್ಟಿದೀನಿ."

ಅಭಿರಾಮ ಚೀಟಿ ಓದಿದ, ಬೀರಯ್ಯನ ಮುಖ ನೋಡಿದ. ಒಂದು ಬಟ್ಟೆ ಏರ್‌ಬ್ಯಾಗನ್ನು ತಡೆಯುತ್ತದೆಯೇ ಎಂದು ತನಗೆ ತಾನೇ ಕೇಳಿಕೊಂಡವನಂತೆ ಸೀಟಿನ ಪಕ್ಕೆಯ ಕವರಿಗೆ ಬೆರಳು ತೂರಿಸಿ ಎಳೆದ. ಆಮೇಲೆ ಎರಡೂ ಕೈ ಹಾಕಿ ಎಳೆದ. ಆಮೇಲೆ ಬಾಗಿಲ ಹೊಸ್ತಿಲಿಗೆ ಕಾಲು ಕೊಟ್ಟು, ಕುತ್ತಿಗೆಯ ನರ ಉಬ್ಬುವ ಹಾಗೆ ಜಗ್ಗಿದ. ಒಂದು ಎಳೆ ದಾರ ಕೂಡ ಕಿತ್ತು ಬರಲಿಲ್ಲ. ಬೇರೆ ದಿನವಾಗಿದ್ದರೆ ಬೀರಯ್ಯ ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇವತ್ತು ಮನಸ್ಸಿನಲ್ಲೇ ಹರಿಯಪ್ಪ, ಹರಿ ಎಂದು ಬೇಡಿಕೊಳ್ಳುತ್ತಿದ್ದ. ಅಭಿರಾಮ ಕೈ ಬಿಟ್ಟಾಗ ಅವನ ಬೆರಳುಗಳ ಮೇಲೆ ದಾರದ ಗುರುತು ಕೆಂಪಗೆ ಮೂಡಿತ್ತು.

ವಿಭಾ ಅದನ್ನು ನೋಡಿದಳು.

"ಎರಡು ವರ್ಷ ನಾವು ಕಾದಿದ್ದು ಇದೊಂದಕ್ಕೇ ಬೀರಯ್ಯನೋರೇ" ಎಂದಳು. ಧ್ವನಿ ಏರಿರಲಿಲ್ಲ. ಬೈದಿದ್ದರೆ ಬೀರಯ್ಯನಿಗೆ ಹಗುರವಾಗುತ್ತಿತ್ತು.

ಅವನು ಬ್ಲೇಡ್ ಬಿಚ್ಚಿದ. ತಾನು ಹೊಲಿದಿದ್ದನ್ನು ತಾನೇ ಕುಯ್ಯಲು ಅರ್ಧ ಗಂಟೆ ಹಿಡಿಯಿತು. ಕಂಪನಿಯ ಬಟ್ಟೆಗೆ ಬ್ಲೇಡಿನ ಮೊನೆ ತಾಗದ ಹಾಗೆ, ಒಂದೊಂದೇ ಹೊಲಿಗೆಯನ್ನು ಈಚೆಗೆ ಎತ್ತಿ ಕತ್ತರಿಸಬೇಕಿತ್ತು. ಬೆವರು ಕಣ್ಣಿಗಿಳಿಯಿತು. ಎರಡೂ ಮುಂದಿನ ಸೀಟುಗಳ ಕವರ್ ಬಿಡಿಸಿ ರಸ್ತೆಯ ಮೇಲೆ ಹಾಕಿದ ಮೇಲೆ ಕೆಳಗಿದ್ದ ಬೂದು ಬಟ್ಟೆಯ ಸೀಟು ಕಾಣಿಸಿತು. ಪಕ್ಕೆಯ ತೆಳ್ಳನೆಯ ಹೊಲಿಗೆಯಲ್ಲಿ, ಚೀಟಿ ಇದ್ದ ಜಾಗದಲ್ಲಿ, ಕತ್ತರಿಸಿದ ಬಟ್ಟೆಯ ಅಂಚು ಇಷ್ಟೇ ಇಷ್ಟು ಉಳಿದಿತ್ತು.

ಪ್ರೇಮಲೀಲಾ ಅಷ್ಟೂ ಹೊತ್ತು ಕೈಚೀಲ ಎದೆಗವುಚಿಕೊಂಡು ಗೇಟಿನ ಬಳಿ ನಿಂತಿದ್ದರು. ಈಗ ಮುಂದೆ ಬಂದು, ಈಗ ಕೂರಬಹುದಾ ಎಂದು ಬೀರಯ್ಯನನ್ನೇ ಕೇಳಿದರು. ಹೌದು ಎಂದರೆ ಎಲ್ಲ ಮುಗಿಯುತ್ತಿತ್ತು. ಅವರು ಊಟಿಗೆ ಹೋಗುತ್ತಿದ್ದರು, ಅವನು ಅಂಗಡಿಗೆ.

"ನನ್ನ ಮಾತು ನಂಬಬೇಡಿ ಅಮ್ಮ" ಎಂದ ಬೀರಯ್ಯ. "ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ, ಅದು ಇವತ್ತೇ ಗೊತ್ತಾಗಿದ್ದು. ಶೋರೂಮಿಗೆ ಹೋಗಿ ತೋರ್ಸಿ. ಅವರು ಸರಿ ಇದೆ ಅಂದ ಮೇಲೆ ಕೂತ್ಕೊಳ್ಳಿ."

ಆಕೆ ಅವನನ್ನೇ ನೋಡಿದರು.

"ಅವತ್ತು ನಮ್ಮ ಹುಡುಗ ಹೊರಟಾಗ ಹೀಗೆ ಯಾರೂ ಓಡಿ ಬರಲಿಲ್ಲವಲ್ಲಪ್ಪ" ಎಂದರು.

ಬೀರಯ್ಯನ ಕಣ್ಣು ತುಂಬಿ ಬಂತು. ತಲೆ ಬಗ್ಗಿಸಿ ಕವರ್ ಮಡಿಸತೊಡಗಿದ. ಪ್ರೇಮಲೀಲಾ ಹಿಂದಿನ ಬಾಗಿಲು ತೆಗೆದು, ಶೋರೂಮಿನವರೆಗೆ ನಾನೂ ಬರುತ್ತೇನೆ, ಮೂರು ವರ್ಷದ ಮೇಲೆ ಚೀಲ ತುಂಬಿಸಿಕೊಂಡು ಹೊರಟಿದ್ದೇನೆ, ಮತ್ತೆ ಒಳಗೆ ಹೋಗಲಾರೆ ಎಂದು ಮೊಮ್ಮಗಳ ಪಕ್ಕ ಕೂತರು. ಅಭಿರಾಮ ಸ್ಟೀರಿಂಗ್ ಹಿಡಿದ. ಅವನಿಗಿನ್ನೂ ಕೋಪ ಇಳಿದಿರಲಿಲ್ಲ, ಇಳಿಯಬೇಕೆಂದೂ ಇಲ್ಲ. ವಿಭಾ ಚೀಟಿಯನ್ನು ಬೀರಯ್ಯನ ಕೈಗೆ ವಾಪಸ್ ಕೊಟ್ಟಳು. ಇಂಥದ್ದು ಇನ್ನೆಷ್ಟು ಗಾಡಿಗೆ ಹಾಕಿದ್ದೀರಿ ಎಂದು ಕೇಳಿದಳು. ಇದೊಂದೇ, ಇನ್ನೂ ಇಪ್ಪತ್ತೆರಡು ಜೊತೆ ಹೊಲಿದಿಟ್ಟಿದ್ದೇನೆ, ಒಂದೂ ಅಂಗಡಿಯ ಹೊಸ್ತಿಲು ದಾಟುವುದಿಲ್ಲ ಎಂದ.

"ಊರಲ್ಲಿ ನೀವೊಬ್ಬರೇನಾ ಹೊಲಿಯೋರು?"

ಕೇಳಿದವಳೇ ಅವಳು ಬಾಗಿಲು ಎಳೆದುಕೊಂಡು ಕೂತಳು, ಗಾಡಿ ಹೊರಟಿತು.

ಕುಂಬಾರಕೊಪ್ಪಲಿಗೆ ತಿರುಗಿ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ಹಿಂದಿನ ಸೀಟಿನಲ್ಲಿ ಕೂತೇ ಬಂತು. ಅಂಗಡಿಯ ತಿರುವಿನಲ್ಲಿ ಬೀರಯ್ಯ ಬ್ರೇಕ್ ಹಾಕಿದ. ಲಿಂಗಯ್ಯನ ಬಾಗಿಲಲ್ಲಿ ಕೆಂಪು ಬಣ್ಣದ ನ್ಯೂ ಶೇಪ್ ಕವಾನಾ ನಿಂತಿತ್ತು. ಅದಕ್ಕೂ ಹಾರ ಹಾಕಿದ್ದರು. ಗಾಡಿಯ ಯಜಮಾನ ಪಕ್ಕದಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ. ಲಿಂಗಯ್ಯ ಮುಂದಿನ ಸೀಟಿನ ಮಗ್ಗುಲಿಗೆ ಬಗ್ಗಿದ್ದ. ಅವನೂ ಅದೇ ಮೇಸ್ತ್ರಿಯ ಶಿಷ್ಯ, ಅವನ ಕಣ್ಣಿಗೂ ಚೀಟಿ ಎಂದರೆ ಕಸ.

ಆರು ವರ್ಷದಲ್ಲಿ ಆ ರಸ್ತೆಯನ್ನು ಬೀರಯ್ಯ ಒಮ್ಮೆಯೂ ಅಡ್ಡ ದಾಟಿರಲಿಲ್ಲ. ಈಗ ದಾಟಿದ. ಆ ಕಡೆಯಿಂದ ತಿರುಗಿ ನೋಡಿದರೆ ತನ್ನದೇ ಬೋರ್ಡಿನ ಕೆಂಪು ಅಕ್ಷರಗಳು ಇಷ್ಟು ದೊಡ್ಡದಾಗಿ ಕಾಣುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಲಿಂಗಯ್ಯ ತಲೆಯೆತ್ತಿದ. ಗಿರಾಕಿಯ ಎದುರು ಸಿಕ್ಕ ಅವಕಾಶ, ಬಿಡುತ್ತಾನೆಯೇ.

"ಏನ್ ಬೀರಣ್ಣ, ಅಳತೆ ಕೇಳೋಕೆ ಬಂದ್ಯಾ?"

"ಅಳತೆ ನಂದೇ ತಪ್ಪೋಯ್ತು ಕಣೋ ಲಿಂಗ" ಎಂದ ಬೀರಯ್ಯ, ಗಿರಾಕಿಗೂ ಕೇಳಿಸುವ ಹಾಗೆ. ಮುಷ್ಟಿ ಬಿಚ್ಚಿ ಚೀಟಿ ತೋರಿಸಿದ. "ಆ ಚೀಟಿ ಕತ್ತರಿಸಬೇಡ. ಮೊದ್ಲು ಇದನ್ನ ಇವರ ಕೈಲಿ ಓದ್ಸು."

ಗಾಡಿಯ ಯಜಮಾನ ಲೋಟ ಕೆಳಗಿಟ್ಟು ಚೀಟಿ ಇಸಿದುಕೊಂಡು ಗಟ್ಟಿಯಾಗಿ ಓದಿದ. ಲಿಂಗಯ್ಯ ಸೀಟಿನ ಮಗ್ಗುಲಲ್ಲಿ ಇಣುಕುತ್ತಿದ್ದ ಇನ್ನೊಂದು ಚೀಟಿಯನ್ನು ನೋಡಿದ, ಬೀರಯ್ಯನನ್ನು ನೋಡಿದ. ಆಮೇಲೆ ಕತ್ತರಿ ಕೆಳಗಿಟ್ಟ.